ಇಳುಕಲಿಲ್ಲದ ದಾರಿ

ಬೆಟಗೇರಿಯ ನಮ್ಮ ಗ್ಯಾರೇಜಿನ ಹಿಂಗೋಡೆಗೆ ಯಾವಾಗಲೂ ನಾಲ್ಕೈದು ಜೀಪ್ ಎಂಜಿನ್ನುಗಳು ಒರಗಿರುತ್ತಿದ್ದವು. ಕೆಟ್ಟವಲ್ಲ, ಬೇಡವಾದವು. 1973ರ ತೈಲ ಬಿಕ್ಕಟ್ಟಿನಿಂದ ಪೆಟ್ರೋಲ್ ತುಟ್ಟಿಯಾದ ಮೇಲೆ ಜೀಪಿದ್ದವರು ಒಬ್ಬೊಬ್ಬರಾಗಿ ಡೀಸೆಲ್ ಎಂಜಿನ್ ಕೂರಿಸಿಕೊಳ್ಳತೊಡಗಿದ್ದರು. ಇಳಿಸಿಟ್ಟ ಪೆಟ್ರೋಲ್ ಎಂಜಿನ್ನಿಗೆ ಗುಜರಿಯ ಬೆಲೆ. ನಾಲ್ಕು ಸಿಲಿಂಡರಿನ, 2.2 ಲೀಟರಿನ ಆ ಹರಿಕೇನ್ ಎಂಜಿನ್ನನ್ನು ತೂಕಕ್ಕೆ ಹಾಕಲು ನಮ್ಮ ಮಿಸ್ತ್ರಿ ಕಾಕಾನಿಗೆ ಮನಸ್ಸಾಗುತ್ತಿರಲಿಲ್ಲ. ನಾನಾಗ ಶಾಲೆಯ ರಜೆಯಲ್ಲಿ ಅಲ್ಲಿ ಪಾನಾ ಎತ್ತಿಕೊಡುವ ಹುಡುಗ.

ಶಿರಹಟ್ಟಿ ಕಡೆಯ ಒಬ್ಬರು ಬಂದು ಒಂದನ್ನು ಹಿಟ್ಟಿನ ಗಿರಣಿಗೆಂದು ಒಯ್ದರು. ಅಲ್ಲಿಯತನಕ ಗಿರಣಿಗೆಂದರೆ ಲಿಸ್ಟರ್ ಮಾದರಿಯ ಎಣ್ಣೆ ಎಂಜಿನ್ನು: ಆರು ಎಚ್.ಪಿ., ಎರಡು ದೊಡ್ಡ ಗಾಲಿ, ನಿಮಿಷಕ್ಕೆ 650 ಸುತ್ತು. ಟುಕು ಟುಕು ಎನ್ನುತ್ತ ದಿನವಿಡೀ ನಡೆಯುವ ಎತ್ತಿನಂಥದ್ದು. ಜೀಪಿನದು ಕುದುರೆ. ಎಪ್ಪತ್ತು ಎಚ್.ಪಿ.ಯ ಆಸೆಗೆ ಮಾಲೀಕರು ಹಿಟ್ಟಿನ ಕಲ್ಲು, ಖಾರ ಕುಟ್ಟುವ ಯಂತ್ರ, ಶೇಂಗಾ ಸುಲಿಯುವ ಯಂತ್ರ ಮೂರನ್ನೂ ಒಂದೇ ಶಾಫ್ಟಿಗೆ ಕಟ್ಟಿದರು. ಪೆಟ್ರೋಲಿನಲ್ಲಿ ಚಾಲೂ ಮಾಡಿ ಸೀಮೆಎಣ್ಣೆಗೆ ತಿರುಗಿಸುವುದು. ಆ ವಾಸನೆ ಅಂಗಿಯಿಂದ ಎರಡು ದಿನ ಹೋಗುತ್ತಿರಲಿಲ್ಲ.

ಮೊದಲ ವಾರವೇ ರೇಡಿಯೇಟರ್ ಕುದಿಯಿತು. ನಿಂತಲ್ಲೇ ನಿಂತ ಎಂಜಿನ್ನಿಗೆ ಎದುರುಗಾಳಿ ಎಲ್ಲಿಂದ ಬರಬೇಕು? ಕಾಕಾ ರೇಡಿಯೇಟರ್ ತೆಗೆದು ನೀರು ತುಂಬಿದ ಬ್ಯಾರೆಲ್ ಜೋಡಿಸಿದ. ಆಮೇಲೆ ಒಂದು ದಿನ ಪಟ್ಟಾ ಕಳಚಿತು. ಜೀಪಿನ ಎಂಜಿನ್ನಿಗೆ ವೇಗಕ್ಕೆ ಲಗಾಮು ಹಾಕುವ ಗವರ್ನರ್ ಇಲ್ಲ; ಭಾರ ತಪ್ಪಿದ್ದೇ ಚೀರಿಕೊಂಡಿತು. ಸ್ವಿಚ್ ಆರಿಸುವಷ್ಟರಲ್ಲಿ ಕನೆಕ್ಟಿಂಗ್ ರಾಡ್ ಬ್ಲಾಕ್ ಒಡೆದು ಹೊರಬಂದಿತ್ತು. ಇನ್ನೊಂದನ್ನು ಒಯ್ದು ಕೂರಿಸಿದೆವು. ಅದರ ಹಿಂದಿನ ಬೇರಿಂಗು ಮೂರು ತಿಂಗಳಿಗೆ ಸವೆಯಿತು.

“ರೋಡಿನ್ಯಾಗ ಇಳುಕಲ ಬಂದಾಗ ಎಂಜಿನ್ನು ಉಸುರು ಬಿಡತೈತೋ ತಮ್ಮಾ. ಗಿರಣ್ಯಾಗ ಇಳುಕಲನ ಇಲ್ಲ,” ಅಂದ ಕಾಕಾ. ಬೇರಿಂಗಿನ ಕಥೆಯೂ ಅವನಿಗೆ ತಿಳಿದಿತ್ತು. ಕ್ರ್ಯಾಂಕ್ ಶಾಫ್ಟನ್ನು ಮಾಡಿದ್ದು ತಿರುಗುವುದಕ್ಕೆ, ಅದನ್ನು ಪಟ್ಟಾ ಅಡ್ಡಕ್ಕೆ ಜಗ್ಗುತ್ತಿತ್ತು. ಅವನು ಬೇರಿಂಗ್ ಹಿಡಿದಿಡುವ ಎರಡು ಪ್ಲಮ್ಮರ್ ಬ್ಲಾಕಿನ ಮೇಲೆ ಬೇರೆ ಶಾಫ್ಟ್ ಕೂರಿಸಿ, ಪುಲ್ಲಿಯನ್ನು ಅದಕ್ಕೆ ಹಾಕಿ, ಎಂಜಿನ್ನಿಗೆ ಜೀಪಿನದೇ ಪ್ರೊಪೆಲ್ಲರ್ ಶಾಫ್ಟಿನಿಂದ ಜೋಡಿಸಿದ. ನಮ್ಮಲ್ಲಿ ಅದನ್ನು ಬರೀ ‘ಪ್ರೊಪೆಲ್ಲರ್’ ಅನ್ನುತ್ತಿದ್ದೆವು. ವಿಮಾನಕ್ಕೂ ಪ್ರೊಪೆಲ್ಲರ್ ಇರುತ್ತದೆಂದು ಪುಸ್ತಕದಲ್ಲಿ ಓದಿದಾಗ ಅದರ ಹೊಟ್ಟೆಯಡಿ ಇಂಥದೇ ಒಂದು ಸರಳು ತಿರುಗುತ್ತಿರಬೇಕೆಂದೇ ಬಹಳ ದಿನ ನಂಬಿದ್ದೆ. ಹಾರುವುದರಲ್ಲಿ ನಾನು ಹತ್ತಿರದಿಂದ ಕಂಡದ್ದೆಂದರೆ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಬರುವ ಪಟ್ಟೆತಲೆ ಹೆಬ್ಬಾತುಗಳು ಮಾತ್ರ. ಹಿಮಾಲಯ ದಾಟಿ ಬಂದು ಹೊಲದ ಕಡಲೆ ಮೇಯುವ ಅವಕ್ಕೆ ಬ್ಯಾರೆಲ್ ನೀರೂ ಬೇಡ.

ತೊಂಬತ್ತರ ದಶಕದಲ್ಲಿ ನಾನು ಬೆಂಗಳೂರಿನ ಪೀಣ್ಯದಲ್ಲಿ ಲೇಥ್ ಕೆಲಸಕ್ಕಿದ್ದೆ. ಒಂದು ಬುಷ್ ತಲುಪಿಸಲು ಜಕ್ಕೂರಿನ ವಿಮಾನ ಮೈದಾನಕ್ಕೆ ಹೋದಾಗ ಮೈಕ್ರೋಲೈಟ್ ವಿಮಾನ ಕಂಡೆ: ಅಲ್ಯುಮಿನಿಯಂ ಕೊಳವೆ, ಬಟ್ಟೆಯ ರೆಕ್ಕೆ, ಪುಟ್ಟ ರೋಟ್ಯಾಕ್ಸ್ ಎಂಜಿನ್ನು. ಅದರ ವಂಶ ಹಿಮದ ಮೇಲೆ ಓಡುವ ಗಾಡಿಯದು ಎಂದು ಅಲ್ಲಿಯವರು ಹೇಳಿದಾಗ ನನಗೆ ಗ್ಯಾರೇಜಿನ ಹಿಂಗೋಡೆ ನೆನಪಾಯಿತು. ಬೆಂಗಳೂರಿನ ರಾಜಹಂಸ ಕಂಪನಿ ಎಕ್ಸ್-ಏರ್ ಎಂಬ ವಿಮಾನವನ್ನು ಬಿಡಿಬಿಡಿಯಾಗಿ ಪೆಟ್ಟಿಗೆಯಲ್ಲಿ ಫ್ರಾನ್ಸ್, ಬ್ರಿಟನ್ನಿಗೆ ಕಳಿಸುತ್ತಿತ್ತು. ಕೊಂಡವರು ಮನೆಯಲ್ಲೇ ಜೋಡಿಸಿಕೊಳ್ಳುವುದು. ಹೊರದೇಶದ ಹವ್ಯಾಸಿಗಳು ಕಾರಿನ ಎಂಜಿನ್ನನ್ನೇ ವಿಮಾನಕ್ಕೆ ಕಟ್ಟುತ್ತಾರೆಂದು ನಾನು ಮೊದಲು ಕೇಳಿದ್ದೂ ಅಲ್ಲೇ.

ಆಮೇಲೆ ಸಿಕ್ಕಿದ್ದನ್ನೆಲ್ಲ ಓದಿದೆ. ಓದಿದಂತೆಲ್ಲ ಅದು ಶಿರಹಟ್ಟಿಯ ಗಿರಣಿಯೇ. 1929ರಲ್ಲಿ ಅಮೆರಿಕದ ಮಿನೆಸೋಟದ ಬರ್ನಾರ್ಡ್ ಪೀಟನ್‌ಪೋಲ್ ಫೋರ್ಡ್ ಮಾಡೆಲ್ ಎ ಕಾರಿನ ನಲವತ್ತು ಎಚ್.ಪಿ. ಎಂಜಿನ್ನಿನಿಂದ ತನ್ನ ಕಟ್ಟಿಗೆ-ಬಟ್ಟೆಯ ವಿಮಾನ ಹಾರಿಸಿದ. ಅದು ನಿಧಾನ ತಿರುಗುವ, ಎತ್ತಿನ ಜಾತಿಯ ಎಂಜಿನ್ನು. ಪ್ರೊಪೆಲ್ಲರನ್ನು ನೇರ ಕ್ರ್ಯಾಂಕಿಗೇ ಬಿಗಿಯಬಹುದಿತ್ತು. ಈಚಿನ ಕಾರಿನ ಎಂಜಿನ್ನು ಐದು ಸಾವಿರ ಸುತ್ತಿಗೆ ಏರದೆ ಶಕ್ತಿ ಕೊಡುವುದಿಲ್ಲ. ಪ್ರೊಪೆಲ್ಲರನ್ನು ಆ ವೇಗಕ್ಕೆ ತಿರುಗಿಸಿದರೆ ಅದರ ತುದಿ ಶಬ್ದದ ವೇಗ ಮುಟ್ಟಿ, ಸದ್ದು ಹೆಚ್ಚಿ ಎಳೆತ ಕುಗ್ಗುತ್ತದೆ. ಆದ್ದರಿಂದ ನಡುವೆ ಗೇರ್ ಬೇಕು. ಗಿರಣಿಯಲ್ಲಿ ಸಣ್ಣ ಪುಲ್ಲಿಯಿಂದ ದೊಡ್ಡ ಪುಲ್ಲಿಗೆ ಪಟ್ಟಾ ಹಾಕಿದಂತೆ. ಕಾರು ಸಪಾಟು ರಸ್ತೆಯಲ್ಲಿ ಓಡುವಾಗ ತನ್ನ ಶಕ್ತಿಯ ಒಂದು ಪಾಲನ್ನಷ್ಟೇ ಬಳಸುತ್ತದೆ. ವಿಮಾನ ಗಂಟೆಗಟ್ಟಲೆ ಮುಕ್ಕಾಲು ಪಾಲು ಬೇಡುತ್ತದೆ. ಇನ್ನು ಬೇರಿಂಗು: ಷೆವ್ರೊಲೆ ಕಾರ್ವೇರ್ ಎಂಜಿನ್ನಿಗೆ ಪ್ರೊಪೆಲ್ಲರ್ ಹಾಕಿದವರ ಕ್ರ್ಯಾಂಕ್ ಶಾಫ್ಟುಗಳು ಮುರಿಯತೊಡಗಿದಾಗ ಅವರು ಅದರ ನಾಲ್ಕು ಬೇರಿಂಗಿನ ಮುಂದೆ ಐದನೆಯದನ್ನು ಸೇರಿಸಿದರು. ಕಾಕಾನ ಪ್ಲಮ್ಮರ್ ಬ್ಲಾಕಿಗೂ ಇದಕ್ಕೂ ಏನು ವ್ಯತ್ಯಾಸವೋ ನನಗೆ ಗೊತ್ತಾಗಿಲ್ಲ. ಗಿರಣಿಯಲ್ಲಿ ತಪ್ಪಿದರೆ ಹಿಟ್ಟು ತಡವಾಗುತ್ತಿತ್ತು, ಅಷ್ಟೇ.

ಈಗ ಕಟ್ಟುವ ರಗಳೆ ಕಮ್ಮಿ. 2021ರಲ್ಲಿ ಬೆಂಗಳೂರಿನ ವಿಮಾನ ಸಂಶೋಧನಾ ಸಂಸ್ಥೆ ಎನ್.ಎ.ಎಲ್. ಹಾರಿಸಿದ ಹೊಸ ‘ಹಂಸ’ ವಿಮಾನದಲ್ಲಿರುವುದು ವಿಮಾನಕ್ಕೆಂದೇ ಮಾಡಿದ ರೋಟ್ಯಾಕ್ಸ್ 912. ಗೇರ್ ಒಳಗೇ ಇದೆ, ಇಂಧನದ ಲೆಕ್ಕ ಕಂಪ್ಯೂಟರಿನದು. ನಮ್ಮೂರಿನಲ್ಲೂ ಗಿರಣಿಗೆ ಕರೆಂಟ್ ಮೋಟಾರ್ ಬಂತು, ಬಾವಿಗೆ ಸಬ್‌ಮರ್ಸಿಬಲ್ ಬಂತು. ಹಿಂಗೋಡೆಯ ಎಂಜಿನ್ನುಗಳು ಕೊನೆಗೂ ತೂಕಕ್ಕೆ ಹೋದವು.

ಕಪ್ಪತಗುಡ್ಡದ ಮೇಲೆ ಗಾಳಿಯಂತ್ರಗಳು ಎದ್ದ ಮೇಲೆ ಒಮ್ಮೆ ಮುಂಡರಗಿಗೆ ಹೋಗುವಾಗ ಕಾಕಾನನ್ನೂ ಕರೆದೊಯ್ದಿದ್ದೆ. ಅವನಿಗಾಗ ಎಂಬತ್ತು ದಾಟಿತ್ತು. ಗಾಡಿ ನಿಲ್ಲಿಸು ಅಂದ. ಕೈ ಅಡ್ಡ ಹಿಡಿದು ಬಹಳ ಹೊತ್ತು ನೋಡಿದ. ರೆಕ್ಕೆ ಇಷ್ಟು ಮೆಲ್ಲಗೆ ತಿರುಗಿದರೆ ಕರೆಂಟ್ ಹೇಗೆ ಬರುತ್ತದೆಂದು ಕೇಳಿದ. ಒಳಗೆ ಗೇರ್ ಇದೆ, ಸುತ್ತು ಹೆಚ್ಚಿಸುತ್ತದೆ ಎಂದೆ.

“ಅಂದ್ರ ನಮ್ಮ ಗಿರಣಿ ಉಲ್ಟಾ,” ಅಂದ. ಮತ್ತೆ ಸ್ವಲ್ಪ ಹೊತ್ತು ಬಿಟ್ಟು, “ಬೇರಿಂಗ್ ಎಷ್ಟ ಹಾಕ್ಯಾರ, ಕೇಳಿ ಬಾ.”