ಕಿಲುಬಿಗೆ ಕೊಟ್ಟ ಕಾಸು

ಟೋನಿಂಗ್ ಅನ್ನೋದಕ್ಕೆ ನಮ್ಮಲ್ಲಿ ಮರ್ಯಾದೆಯ ಪದವೊಂದಿಲ್ಲ. ಇರೋದು ಕಿಲುಬು. ಕಿಲುಬು ಅಂದ ತಕ್ಷಣ ನಮ್ಮ ಕೈ ಹುಣಸೆಹಣ್ಣು ಹುಡುಕತ್ತೆ. ಹಬ್ಬದ ಹಿಂದಿನ ದಿನ ಹಿತ್ತಲಲ್ಲಿ ಕೂತು ದೀಪದ ಕಂಬ, ಪಂಚಪಾತ್ರೆ, ಉದ್ಧರಣೆಗಳನ್ನು ಉಜ್ಜಿ ಉಜ್ಜಿ ಬೆರಳ ತುದಿ ಸುಕ್ಕಾದವರಿಗೆ, ಅದೇ ಕಿಲುಬನ್ನು ಹರಾಜಿನಲ್ಲಿ ಡಾಲರ್ ಕೊಟ್ಟು ಕೊಳ್ಳುವವರಿದ್ದಾರೆ ಅಂತ ನಂಬಿಸೋದು ಕಷ್ಟ. ನನ್ನ ಹೆಂಡತಿಗೇ ಇನ್ನೂ ನಂಬಿಸೋಕಾಗಿಲ್ಲ.

ಅಮೆರಿಕದ ಐದು ಸೆಂಟಿನ ನಾಣ್ಯಕ್ಕೆ ನಿಕ್ಕಲ್ ಅಂತ ಹೆಸರು. ಹೆಸರಷ್ಟೇ ನಿಕ್ಕಲ್, ಅದರಲ್ಲಿ ಶೇ. 75 ತಾಮ್ರ, ಉಳಿದ ಕಾಲುಭಾಗ ಮಾತ್ರ ನಿಕ್ಕಲ್. ತೂಕ ಸರಿಯಾಗಿ 5 ಗ್ರಾಂ. ಅಂತರ್ಯುದ್ಧದ ಕಾಲದಲ್ಲಿ ಜನ ಬೆಳ್ಳಿ ನಾಣ್ಯಗಳನ್ನೆಲ್ಲ ಬಚ್ಚಿಟ್ಟುಕೊಂಡು ಚಿಲ್ಲರೆಗೆ ತತ್ವಾರ ಆದಮೇಲೆ, 1866ರಲ್ಲಿ ಇದು ಶುರುವಾಯಿತು. ನಾನು ನ್ಯೂಜೆರ್ಸಿಗೆ ಬಂದ ಹೊಸತರಲ್ಲಿ ಲಾಂಡ್ರಿ ಮೆಷಿನ್ನಿಗೆ ಕ್ವಾರ್ಟರ್ ಹುಡುಕ್ತಾ ಚಿಲ್ಲರೆ ಡಬ್ಬಿ ಸುರಿದಾಗ, ಥಾಮಸ್ ಜೆಫರ್ಸನ್‌ನ ಮುಖಗಳ ನಡುವೆ ಒಂದು ಕಾಡುಕೋಣ ಸಿಕ್ಕಿತು. ಬಫಲೋ ನಿಕ್ಕಲ್. 1913ರಿಂದ 1938ರವರೆಗೆ ಟಂಕಿಸಿದ್ದು, ಜೇಮ್ಸ್ ಅರ್ಲ್ ಫ್ರೇಸರ್ ಅನ್ನೋ ಶಿಲ್ಪಿಯ ವಿನ್ಯಾಸ. ಒಂದು ಕಡೆ ಮೂಲನಿವಾಸಿಯ ಮುಖ, ಇನ್ನೊಂದು ಕಡೆ ಬೈಸನ್. ಇಸವಿ ಸವೆದು ಪೂರ್ತಿ ಮಾಯವಾಗಿತ್ತು. ಆ ವಿನ್ಯಾಸದ ದೋಷವೇ ಅದು. ಇಸವಿಯನ್ನು ಉಬ್ಬಿದ ಜಾಗದಲ್ಲಿ ಕೂರಿಸಿಬಿಟ್ಟಿದ್ದಾರೆ, ಜೇಬಿಂದ ಜೇಬಿಗೆ ಹೋಗ್ತಾ ಮೊದಲು ಸವೆಯೋದೇ ಅದು. ಅವತ್ತು ಬಟ್ಟೆ ಒಗೆಯೋದು ಮರೆತು ಎರಡು ಗಂಟೆ ಓದ್ತಾ ಕೂತೆ.

ಓದಿದವರು ಕೆಟ್ಟರು ಅನ್ನೋ ಹಾಗಾಯಿತು ನನ್ನ ಕತೆ. ಈ ನಾಣ್ಯಗಳ ಕತೆಗಳು ಸಿನಿಮಾ ಥರ ಇರ್ತವೆ. 1883ರಲ್ಲಿ ಹೊಸ ನಿಕ್ಕಲ್ ಬಂದಾಗ ಹಿಂಭಾಗದಲ್ಲಿ ದೊಡ್ಡದಾಗಿ ರೋಮನ್ ಅಂಕಿ ಐದು, ಅಂದರೆ 'ವಿ' ಇತ್ತೇ ಹೊರತು 'ಸೆಂಟ್ಸ್' ಅನ್ನೋ ಪದ ಇರಲಿಲ್ಲ. ಸರಿ, ಜನ ಅದಕ್ಕೆ ಚಿನ್ನದ ಲೇಪ ಹಾಕಿಸಿ ಐದು ಡಾಲರಿನ ಚಿನ್ನದ ನಾಣ್ಯ ಅಂತ ದಾಟಿಸಿದರು. ಟಂಕಸಾಲೆಯವರು ಅದೇ ವರ್ಷ ಎಚ್ಚೆತ್ತು 'ಸೆಂಟ್ಸ್' ಸೇರಿಸಿದರು. ಬಣ್ಣ ಹಚ್ಚಿ ಟೋಪಿ ಹಾಕೋ ಕೆಲಸಕ್ಕೂ ಈ ನಾಣ್ಯಕ್ಕೂ ಹಳೇ ನಂಟು. ಅದನ್ನು ನಾನು ಆಗಲೇ ನೆನಪಿಟ್ಟುಕೊಳ್ಳಬೇಕಿತ್ತು.

ಬಣ್ಣದ ವಿಷಯಕ್ಕೆ ಬರ್ತೀನಿ. ಹಿಂದಿನ ಕಾಲದಲ್ಲಿ ಸಂಗ್ರಾಹಕರು ನಾಣ್ಯಗಳನ್ನು ರಟ್ಟಿನ ಆಲ್ಬಮ್ಮಿನ ತೂತುಗಳಲ್ಲೋ ಪುಟ್ಟ ಕಾಗದದ ಲಕೋಟೆಗಳಲ್ಲೋ ಇಡ್ತಿದ್ದರು. ಆ ಕಾಗದದಲ್ಲಿ ಗಂಧಕದ ಅಂಶ. ಗಾಳಿಯ ತೇವ, ಗಂಧಕ, ಲೋಹ, ಮೂರೂ ಸೇರಿ ದಶಕಗಳ ಕಾಲ ಯಾರ ಗಮನಕ್ಕೂ ಬಾರದೆ ನಾಣ್ಯದ ಮೇಲೊಂದು ತೆಳು ಪದರ ಬೆಳೆಸ್ತವೆ. ಮಳೆ ಬಿದ್ದ ರಸ್ತೆಯಲ್ಲಿ ಚೆಲ್ಲಿದ ಪೆಟ್ರೋಲ್ ನೋಡಿದ್ದೀರಲ್ಲ, ಅದೇ ಭೌತಶಾಸ್ತ್ರ. ಪದರದ ದಪ್ಪಕ್ಕೆ ತಕ್ಕಂತೆ ಬಣ್ಣ. ಮೊದಲು ತಿಳಿ ಹಳದಿ, ಆಮೇಲೆ ಬಂಗಾರ, ಕೆಂಪು ಮಿಶ್ರಿತ ನೇರಳೆ, ಆಮೇಲೆ ನೀಲಿ. ಅಂಚಿನಲ್ಲಿ ಗಾಢ, ಒಳಗೆ ಹೋದಂತೆ ತಿಳಿ. ಬೆಳ್ಳಿ ನಾಣ್ಯಗಳಲ್ಲಿ ಕಾಮನಬಿಲ್ಲಿನ ಅಬ್ಬರ ಜಾಸ್ತಿ. ನಿಕ್ಕಲ್ ಸ್ವಲ್ಪ ಸಂಕೋಚದ ಪ್ರಾಣಿ. ಹೆಚ್ಚಿನವು ಸುಮ್ಮನೆ ಬೂದು ಬಣ್ಣಕ್ಕೆ ತಿರುಗಿ ಕೂರ್ತವೆ. ಎಲ್ಲೋ ಒಂದು ಚೆನ್ನಾಗಿ ಅರಳತ್ತೆ. ಹಾಗೆ ಅರಳಿದ್ದಕ್ಕೇ ಹರಾಜಿನಲ್ಲಿ ಜಗಳ.

ನಾನು ಜಗಳಕ್ಕೆ ಬಿದ್ದಿದ್ದು 1938ರ ಒಂದು ಬಫಲೋಗೆ. ಆ ವರ್ಷ ಬಫಲೋ ಟಂಕಿಸಿದ್ದು ಡೆನ್ವರ್ ಟಂಕಸಾಲೆಯಲ್ಲಿ ಮಾತ್ರ. ಅಪರೂಪದ್ದೇನಲ್ಲ, ಹೊಸದರಂತೆ ಉಳಿದವು ಬೇಕಾದಷ್ಟಿವೆ. ಆದರೆ 1938 ಅಪ್ಪ ಹುಟ್ಟಿದ ವರ್ಷ. (ಶಾಲೆಯ ದಾಖಲೆ ಪ್ರಕಾರ. ಮೇಷ್ಟ್ರು ಬರೆದದ್ದೇ ಜಾತಕ.) 2018ರಲ್ಲಿ ಅಪ್ಪನಿಗೆ 80 ತುಂಬತ್ತೆ, ತಿಪಟೂರಿಗೆ ಹೋಗುವಾಗ ಏನಾದರೂ ಒಯ್ಯಬೇಕು. ಶರ್ಟು, ಬಾದಾಮಿ, ಬಿ.ಪಿ. ಮೆಷಿನ್ನು ಎಲ್ಲ ಆಗಿತ್ತು. ಫೋಟೋದಲ್ಲಿ ಆ ಕಾಡುಕೋಣದ ಬೆನ್ನ ಮೇಲೆ ನವಿಲಿನ ಕತ್ತಿನ ನೀಲಿ, ಹೊಟ್ಟೆಯ ಹತ್ತಿರ ಗುಲಾಬಿ, ಅಂಚಿಗೆ ಬಂಗಾರ. ಬೆಳಗಿನ ಸ್ಟ್ಯಾಂಡಪ್ ಮೀಟಿಂಗಿನಲ್ಲಿ ನನ್ನನ್ನು ಮ್ಯೂಟ್ ಮಾಡಿಕೊಂಡು ಬಿಡ್ ಒತ್ತಿದೆ. ಇನ್ನೊಬ್ಬನೂ ಒತ್ತಿದ. ನಾನು ಮತ್ತೆ ಒತ್ತಿದೆ. 100 ಡಾಲರ್ ಮೀರಲ್ಲ ಅಂತ ಹಿಂದಿನ ರಾತ್ರಿ ಪ್ರತಿಜ್ಞೆ ಮಾಡಿದ್ದವನು 310ಕ್ಕೆ ಗೆದ್ದೆ. ಕೊಳ್ಳುವವನ ಕಮಿಷನ್ ಶೇ. 20 ಸೇರಿ 372. "ನಿನ್ನ ಕಡೆಯಿಂದ ಅಪ್‌ಡೇಟ್ ಏನು?" ಅಂತ ಮ್ಯಾನೇಜರ್ ಕೇಳಿದಾಗ ನನ್ನ ಕೈ ನಡುಗ್ತಿತ್ತು.

ಅಪ್ಪನಿಗೆ ತಿಪಟೂರಿನಲ್ಲಿ ಪಾತ್ರೆ ಅಂಗಡಿ ಇತ್ತು. ಇತ್ತು ಅಂದ್ರೆ, ನಲವತ್ತು ವರ್ಷ. ತಾಮ್ರದ ಹಂಡೆ, ಹಿತ್ತಾಳೆ ಕೊಡ, ಆಮೇಲೆ ಸ್ಟೀಲು, ಕೊನೆಗೆ ಪ್ಲಾಸ್ಟಿಕ್ಕೂ. ಹಳೇ ಪಾತ್ರೆ ಹಾಕಿ ಹೊಸದು ಒಯ್ಯುವವರು ಬಂದರೆ ಅಪ್ಪ ಬೆರಳ ಗೆಣ್ಣಿನಿಂದ ಒಂದು ಸಲ ತಟ್ಟಿ, ಸದ್ದು ಕೇಳಿ, ಬೆಲೆ ಹೇಳ್ತಿದ್ದರು. ಇದನ್ನೆಲ್ಲ ನಾನು ಮರೆತಿರಲಿಲ್ಲ. ಆದರೆ ನಾಣ್ಯದ ಜೊತೆ ಸೇರಿಸಿ ಯೋಚನೆ ಮಾಡಿರಲಿಲ್ಲ, ಅಷ್ಟೆ.

ಹುಟ್ಟುಹಬ್ಬದ ಊಟ ಆದಮೇಲೆ ಲಕೋಟೆ ಬಿಚ್ಚಿ ಕೊಟ್ಟೆ. ಅಂಚನ್ನೇ ಹಿಡಿಯಬೇಕು, ಮೈ ಮುಟ್ಟಬಾರದು ಅಂತ ಉಪದೇಶ ಬೇರೆ. ಅಪ್ಪ ಕನ್ನಡಕ ಹಣೆಗೇರಿಸಿ, ಜಗಲಿಯ ಬೆಳಕಿಗೆ ಹೋಗಿ, ಓರೆ ಮಾಡಿ ತಿರುಗಿಸಿ ನೋಡಿದರು.

"ಚೆನ್ನಾಗಿದೆ ಕಣೋ. ಒಲೆ ಮೇಲೆ ಇಟ್ಟಿದ್ರಾ?"

"ಇಲ್ಲ ಅಪ್ಪ, ಅದು ತಾನಾಗೇ ಬಂದಿರೋ ಬಣ್ಣ. ಎಂಬತ್ತು ವರ್ಷ ಆಗಿದೆ."

"ತಾನಾಗೇ ಬಂದಿದ್ರೆ ಸಂದಿಯಲ್ಲೊಂಥರ, ದಿಣ್ಣೆ ಮೇಲೊಂಥರ ಇರತ್ತೆ. ಇದು ನೋಡು, ಎಲ್ಲಾ ಕಡೆ ಒಂದೇ ಸಮ ಹತ್ತಿದೆ. ಈ ಗೀರಿನ ಒಳಗೂ ನೀಲಿನೇ." ಆಮೇಲೆ ನನ್ನ ಮುಖ ನೋಡಿ, "ತಾಮ್ರ ಕಾಯಿಸಿದ್ರೆ ಹೀಗೇ ನವಿಲುಗರಿ ಬರತ್ತೆ. ಅಂಗಡೀಲಿ ಬೇಕಾದಷ್ಟು ನೋಡಿದೀನಿ. ಎಷ್ಟು ಕೊಟ್ಟೆ?"

"ಇಪ್ಪತ್ತು ಡಾಲರ್," ಅಂದೆ.

ಅಮ್ಮ ಒಳಗಿಂದ, "ಕೊಡಿ ಇಲ್ಲಿ, ಹುಣಸೆಹಣ್ಣಲ್ಲಿ ಒಂದು ಕೈ ಉಜ್ಜಿ ಕೊಡ್ತೀನಿ," ಅಂದಳು. ನಾನು ಹಾರಿಹೋಗಿ ನಾಣ್ಯ ಕಿತ್ತುಕೊಂಡೆ. ಕಿತ್ತುಕೊಂಡ ರೀತಿಯಲ್ಲೇ ಅದು ಇಪ್ಪತ್ತು ಡಾಲರಿಂದಲ್ಲ ಅಂತ ಅಪ್ಪನಿಗೆ ಗೊತ್ತಾಗಿರಬೇಕು.

ಆಮೇಲೆ ಮಾಡಿದ ಕೆಲಸಕ್ಕೆ ಇವತ್ತಿಗೂ ನಾಚಿಕೆ ಇದೆ. ಕೊಟ್ಟ ಉಡುಗೊರೆಯನ್ನು ವಾಪಸ್ ಕೇಳಿದೆ. "ಟೆಸ್ಟ್ ಮಾಡಿಸಿ ತರ್ತೀನಿ ಅಪ್ಪ" ಅಂತ. ಇಲ್ಲಿ ನಾಣ್ಯಗಳಿಗೆ ದರ್ಜೆ ಕೊಡುವ ಕಂಪನಿಗಳಿವೆ. 70 ಅಂಕಗಳ ಮಾಪಕದಲ್ಲಿ ಅಂಕ ಹಾಕಿ, ಪ್ಲಾಸ್ಟಿಕ್ ಪೆಟ್ಟಿಗೆಯೊಳಗೆ ಸೀಲ್ ಮಾಡಿ ಕಳಿಸ್ತಾರೆ. ಅಪ್ಪನ ಕಣ್ಣಿಗಿಂತ ಆ ಪ್ಲಾಸ್ಟಿಕ್ ಮೇಲೆ ನನಗೆ ನಂಬಿಕೆ ಜಾಸ್ತಿ ಇತ್ತು ಅಂತಾಯಿತು. ಕಳಿಸಿದೆ. ಕಾದೆ. ಆ ದಿನಗಳಲ್ಲಿ ನನ್ನ ಸಮಾಧಾನಕ್ಕಿದ್ದದ್ದು ವಾಲ್ಟನ್ ನಿಕ್ಕಲ್ ಕತೆ. 1913ರ ಲಿಬರ್ಟಿ ನಿಕ್ಕಲ್‌ಗಳು ಜಗತ್ತಿನಲ್ಲಿ ಇರೋದು ಐದೇ ಐದು. ಅದರಲ್ಲೊಂದು ಜಾರ್ಜ್ ವಾಲ್ಟನ್ ಅನ್ನುವವರ ಹತ್ತಿರ ಇತ್ತು. 1962ರಲ್ಲಿ ಅವರು ಕಾರು ಅಪಘಾತದಲ್ಲಿ ತೀರಿಕೊಂಡ ಮೇಲೆ ಪರೀಕ್ಷೆ ಮಾಡಿದವರು ಅದನ್ನು ನಕಲಿ ಅಂತ ಮನೆಯವರಿಗೆ ವಾಪಸ್ ಕೊಟ್ಟರು. ವಾಲ್ಟನ್ ಸಹೋದರಿ ಅದನ್ನು ಬೀರುವಿನಲ್ಲಿಟ್ಟರು. ನಲವತ್ತು ವರ್ಷ ಅಲ್ಲೇ ಇತ್ತು. 2003ರಲ್ಲಿ ಬಾಲ್ಟಿಮೋರಿನಲ್ಲಿ ಉಳಿದ ನಾಲ್ಕರ ಪಕ್ಕ ಇಟ್ಟು ನೋಡಿದ ತಜ್ಞರು, ಇದು ಅಸಲಿ ಅಂದರು. 2013ರಲ್ಲಿ ಅದು 31 ಲಕ್ಷ ಡಾಲರಿಗೂ ಹೆಚ್ಚಿಗೆ ಹರಾಜಾಯಿತು. ನೋಡಿ, ಪರೀಕ್ಷೆ ಮಾಡುವವರೂ ತಪ್ತಾರೆ, ಇನ್ನು ಅಪ್ಪ ಯಾವ ಲೆಕ್ಕ ಅಂತ ನನ್ನ ವಾದ.

ನನ್ನದು ವಾಲ್ಟನ್ ನಿಕ್ಕಲ್ ಆಗಲಿಲ್ಲ. ಪೆಟ್ಟಿಗೆ ಬಂತು, ಅಂಕ ಇರಬೇಕಾದ ಜಾಗದಲ್ಲಿ ಅಂಕ ಇಲ್ಲ. ಬಣ್ಣ ಸಂಶಯಾಸ್ಪದ ಅಂತ ಒಂದು ಸಾಲು. ನಾಣ್ಯ ಅಸಲಿ, ಬಣ್ಣ ನಕಲಿ. ವಾಪಸ್ ಮಾಡೋ ಗಡುವು ನಾನು ತಿಪಟೂರಿನಲ್ಲಿ ಒಬ್ಬಟ್ಟು ತಿನ್ನುತ್ತಿದ್ದಾಗಲೇ ಮುಗಿದಿತ್ತು.

"ಏನಂದ್ರೋ ನಿನ್ನ ಕಂಪನಿಯೋರು?" ಅಂತ ಅಪ್ಪ ಭಾನುವಾರದ ಫೋನಿನಲ್ಲಿ ಕೇಳ್ತಿದ್ದರು. ಇನ್ನೂ ಬಂದಿಲ್ಲ ಅಂತಿದ್ದೆ. ಮೂರು ಭಾನುವಾರ.

ಆ ಮೂರು ವಾರ ನನ್ನ ತಲೆಯಲ್ಲಿದ್ದದ್ದು ಬೇರೆ ಲೆಕ್ಕ. ಪ್ಲಾಸ್ಟಿಕ್ ಪೆಟ್ಟಿಗೆ ಒಡೆಯೋದು ದೊಡ್ಡ ವಿಷಯವಲ್ಲ. ಟವೆಲ್ಲಿನಲ್ಲಿ ಸುತ್ತಿ ಅಂಚಿಗೆ ಸುತ್ತಿಗೆಯಿಂದ ಎರಡೇಟು ಸಾಕು. ಚೀಟಿ ಕಸದ ಬುಟ್ಟಿಗೆ, ನಾಣ್ಯ ಮತ್ತೆ ಹರಾಜಿಗೆ. ಕಾನೂನಿನ ತೊಡಕು ಬಾರದ ಹಾಗೆ ಬರೆಯೋದೂ ಸುಲಭ: "ಅದ್ಭುತ ಬಣ್ಣ, ಹಳೆಯ ಸಂಗ್ರಹದಿಂದ, ಫೋಟೋ ನೋಡಿ ನೀವೇ ನಿರ್ಧರಿಸಿ." ಫೋಟೋ ತೆಗೆದೂ ಆಯಿತು. ದೀಪವನ್ನು ಓರೆಯಾಗಿಟ್ಟರೆ ನೀಲಿ ಎಷ್ಟು ಉರಿಯತ್ತೆ ಅಂತೀರಿ! ಡ್ರಾಫ್ಟ್ ಎರಡು ದಿನ ಲ್ಯಾಪ್‌ಟಾಪಿನಲ್ಲಿತ್ತು. ಮೂರನೇ ದಿನ ಬೆಲೆ ನೋಡೋಣ ಅಂತ ನಾನು ಕೊಂಡಿದ್ದ ಹರಾಜಿನ ಹಳೇ ಪುಟ ತೆಗೆದೆ. ಅದ್ಭುತ ಬಣ್ಣ. ಹಳೆಯ ಸಂಗ್ರಹದಿಂದ. ಫೋಟೋ ನೋಡಿ. ಪದ ಪದವೂ ಅಲ್ಲಿಂದಲೇ ನನ್ನ ತಲೆಗೆ ಬಂದು ಕೂತಿದ್ದವು. ನನಗೆ ಮಾರಿದವನೂ ಒಂದು ಪೆಟ್ಟಿಗೆ ಒಡೆದಿದ್ದನೋ ಏನೋ.

ಡ್ರಾಫ್ಟ್ ಅಳಿಸಿದೆ. ಸತ್ಯಹರಿಶ್ಚಂದ್ರನ ವಂಶ ಅಂತ ತಿಳ್ಕೋಬೇಡಿ. 372 ಡಾಲರಿನ ಬದಲು 3,720 ಹೋಗಿದ್ದರೆ ಅಳಿಸ್ತಿದ್ದೆನಾ ಅಂತ ಕೇಳಿದರೆ ನನ್ನ ಹತ್ತಿರ ಉತ್ತರ ಇಲ್ಲ.

ನಾಲ್ಕನೇ ಭಾನುವಾರ ಅಪ್ಪನಿಗೆ ಹೇಳಿದೆ. ಬೆಲೆಯನ್ನೂ ಹೇಳಿದೆ. ಆ ಕಡೆ ಸ್ವಲ್ಪ ಹೊತ್ತು ಟಿವಿ ಸದ್ದು ಮಾತ್ರ. ಬೈಗುಳಕ್ಕೆ ತಯಾರಾಗಿದ್ದೆ. "ಕೆಲಸ ಚೆನ್ನಾಗಿ ಮಾಡಿದಾನೆ ಕಣೋ, ಕಾಯಿಸೋ ಹದ ತಪ್ಪಿಲ್ಲ. ಇನ್ನೊಂದು ಕ್ಷಣ ಬಿಟ್ಟಿದ್ರೆ ಕರಕಲಾಗ್ತಿತ್ತು," ಅಂದರು. ಆಮೇಲೆ, "ಕೊಟ್ಟಿದ್ದನ್ನ ತಗೊಂಡು ಹೋದೆಯಲ್ಲ, ಅದು ನಂದು. ಬರುವಾಗ ತಾ."

ಮುಂದಿನ ಸಲ ಪೆಟ್ಟಿಗೆ, ಚೀಟಿ ಸಮೇತ ಕೊಟ್ಟು ಬಂದೆ. ಈಗ ಅದು ಅಪ್ಪನ ಮೇಜಿನ ಮೇಲಿದೆ, ಮಾತ್ರೆ ಡಬ್ಬಿಯ ಪಕ್ಕ. ಬಂದವರಿಗೆಲ್ಲ ತೋರಿಸ್ತಾರಂತೆ. ಅಮೆರಿಕದವರು ಒಲೆ ಮೇಲೆ ಕಾಯಿಸಿದ ದುಡ್ಡು ಅಂತ.

ನಾನು ಬಿಟ್ಟಿಲ್ಲ. ಈಗ ಬಣ್ಣದ ಅಬ್ಬರ ಕಂಡರೆ ಹೆದರಿಕೆ. ಅಕ್ಷರಗಳ ಸುತ್ತ ಬಣ್ಣ ಹೇಗೆ ತಡೆದು ನಿಂತಿದೆ, ಗೀರಿನೊಳಗೆ ಏನಿದೆ, ಬಂಗಾರದಿಂದ ನೀಲಿಗೆ ಹೋಗುವಾಗ ನಡುವೆ ನೇರಳೆ ಸಿಗತ್ತಾ ಇಲ್ವಾ ಅಂತ ಫೋಟೋ ಹಿಗ್ಗಿಸಿ ನೋಡ್ತೀನಿ. ಕಳೆದ ವಾರ 1883ರದ್ದೊಂದು ಹರಾಜಿಗೆ ಬಂದಿತ್ತು. 'ಸೆಂಟ್ಸ್' ಇಲ್ಲದ್ದು. ಅಂಚಿನಲ್ಲಿ ಹಳೇ ಜೇನಿನ ಬಣ್ಣ, ಒಳಗೆ ಬರ್ತಾ ಬರ್ತಾ ಬೂದು, ಅಷ್ಟೆ. ಕೂಗಾಟ ಇಲ್ಲ. ಬಿಡ್ ಒತ್ತುವ ಮೊದಲು ಫೋಟೋವನ್ನು ಅಪ್ಪನಿಗೆ ವಾಟ್ಸಾಪ್ ಮಾಡಿದೆ. ನೀಲಿ ಟಿಕ್ ಬಂತು. ಹರಾಜು ಮುಗಿಯೋಕೆ ಹನ್ನೊಂದು ನಿಮಿಷ ಇತ್ತು. ಟೈಪಿಂಗ್, ಟೈಪಿಂಗ್ ಅಂತ ತೋರಿಸ್ತಾನೇ ಇತ್ತು. ಅಪ್ಪ ಒಂದೇ ಬೆರಳಲ್ಲಿ ಕನ್ನಡ ಟೈಪ್ ಮಾಡೋದು.

"ಫೋಟೋದಲ್ಲಿ ಏನ್ ಗೊತ್ತಾಗತ್ತೆ. ತಗೊಂಡ್ ಬಾ, ನೋಡೋಣ."