ಒಂದೇ ರೂಮು, ಮೂರು ಅಸರ್

ನಂದಿನಿ ಲೇಔಟ್‌ನಲ್ಲಿ ನಾವು ಮೂವರು ಸೇರಿ ಒಂದು ರೂಮು ಹಿಡಿದಿದ್ದೇವೆ. ಒಬ್ಬ ಪುತ್ತೂರು ಕಡೆಯ ಬ್ಯಾರಿ, ಇನ್ನೊಬ್ಬ ಗೌರಿಬಿದನೂರು ತಾಲ್ಲೂಕಿನ ಅಲೀಪುರದವನು, ನಾನು ಮುದಗಲ್ ಹತ್ತಿರದ ಹಳ್ಳಿಯ ಪಿಂಜಾರ. ಮನೆ ಹುಡುಕುವಾಗ ಹೆಸರು ಕೇಳಿದೊಡನೆ 'ಈಗಷ್ಟೇ ಬೇರೆಯವರಿಗೆ ಕೊಟ್ವಿ' ಎಂದವರಿಗೆಲ್ಲ ನಾವು ಮೂವರೂ ಒಂದೇ. ಒಲೆ ಹಚ್ಚಿದ ಮೇಲೆ ನಮ್ಮ ಬೇರೆತನ ಗೊತ್ತಾಯಿತು.

ಪುತ್ತೂರಿನವನು ಸಿಗಡಿ ತಂದರೆ ಅವನ ಶಾಫಿ ಪಂಥದಲ್ಲಿ ಅಡ್ಡಿಯಿಲ್ಲ. ನಾವು ಹನಫಿಗಳು, ಸಿಗಡಿ ಮೀನೋ ಅಲ್ಲವೋ ಎಂಬುದರಲ್ಲೇ ನಮ್ಮ ಮೌಲ್ವಿಗಳಿಗೆ ಒಮ್ಮತವಿಲ್ಲ. (ನಾನು ತಿನ್ನುತ್ತೇನೆ.) ಶಿಯಾ ಆದ ಅಲೀಪುರದವನು ಸಿಗಡಿ ತಿಂದಾನು, ಹುರುಪೆ ಇಲ್ಲದ ಮೀನು ಮುಟ್ಟಲಾರ. ಸಂಜೆಯ ಅಸರ್ ನಮಾಜಿಗೆ ಮೊದಲು ಏಳುವವನು ಬ್ಯಾರಿ, ನನ್ನದು ಅವನ ನಂತರ. ಅಲೀಪುರದವನು ಮಧ್ಯಾಹ್ನದ ನಮಾಜಿನ ಜೊತೆಗೇ ಅದನ್ನೂ ಮುಗಿಸಿರುತ್ತಾನೆ. ಅವನು ಹಣೆ ಊರುವುದು ಕರ್ಬಲಾದ ಮಣ್ಣಿನ ಪುಟ್ಟ ಬಿಲ್ಲೆಯ ಮೇಲೆ.

ಇವೆಲ್ಲ ನಿನ್ನೆ ಮೊನ್ನೆ ಹುಟ್ಟಿದ ಭೇದಗಳಲ್ಲ. ಕರಾವಳಿಗೆ ಇಸ್ಲಾಂ ಬಂದದ್ದು ಅರಬ್ ವ್ಯಾಪಾರಿಗಳ ಹಡಗಿನಲ್ಲಿ; ಬ್ಯಾರಿಗಳೂ ಭಟ್ಕಳದ ನವಾಯತರೂ ಶಾಫಿಗಳಾಗಿರುವುದು ಅದಕ್ಕೇ. ಬಿಜಾಪುರದ ಕತೆ ಇನ್ನೂ ವಿಚಿತ್ರ. ಯೂಸುಫ್ ಆದಿಲ್ ಶಾ ಶಿಯಾ ಪಂಥವನ್ನು ರಾಜ್ಯದ ಪಂಥ ಮಾಡಿದ. 1534ರಲ್ಲಿ ಪಟ್ಟಕ್ಕೆ ಬಂದ ಒಂದನೇ ಇಬ್ರಾಹಿಂ ಸುನ್ನಿ ಎಂದ. 1558ರಲ್ಲಿ ಅವನ ಮಗ ಅಲಿ ಮತ್ತೆ ಶಿಯಾಕ್ಕೆ ತಿರುಗಿಸಿದ. 1580ರಲ್ಲಿ ಬಂದ ಎರಡನೇ ಇಬ್ರಾಹಿಂ ಸುನ್ನಿಯಾಗಿದ್ದೂ ಸರಸ್ವತಿಯನ್ನು ಹಾಡಿದವನು. ಅರಮನೆಯ ಪಂಥ ಇಷ್ಟು ಸಲ ಬದಲಾಗುತ್ತಿದ್ದ ಸೀಮೆಯಲ್ಲಿ ರೈತನೊಬ್ಬ ತಾನು ಯಾವ ಪಂಥ ಎಂದು ಲೆಕ್ಕ ಇಟ್ಟಿರಲಾರ ಎಂಬುದು ನನ್ನ ಗುಮಾನಿ.

ಇಲ್ಲದಿದ್ದರೆ ಸುನ್ನಿಗಳಾದ ನಮ್ಮೂರವರು 680ರಲ್ಲಿ ಕರ್ಬಲಾದಲ್ಲಿ ಮಡಿದ ಹುಸೇನರಿಗಾಗಿ ಕುಣಿ ತೋಡಿ ಬೆಂಕಿ ಹಾಕುತ್ತಿದ್ದರೆ? ನಮ್ಮ ಕಡೆ ಮೊಹರಂ ಎಂದರೆ ಅಲೈ ಹಬ್ಬ. ಪಂಜಾಗಳು ದೇವರು, ಮಕ್ಕಳು ಫಕೀರರಾಗುತ್ತಾರೆ, ಮನೆಮನೆಯಲ್ಲಿ ಚೊಂಗೆ. ನಮ್ಮೂರಲ್ಲಿ ಪಂಜಾ ಹೊರುವುದು ನಾಯಕರ ಮನೆತನ.

ಕತ್ತಲರಾತ್ರಿಯ ವಿಡಿಯೊ ಅಲೀಪುರದವನಿಗೆ ತೋರಿಸಿದೆ. ಹುಲಿವೇಷ ನೋಡಿ ಅವನ ಮುಖ ಬಿಗಿಯಿತು. 'ಇಮಾಮರು ತೀರಿಕೊಂಡ ದಿನ ಹಲಗೆ ಬಾರಿಸ್ತೀರಾ?' ಅವನೂರಲ್ಲಿ ಅಂದು ಕಪ್ಪು ಬಟ್ಟೆ ತೊಟ್ಟು ಎದೆ ಬಡಿದುಕೊಂಡು ಮಾತಂ ಮಾಡುತ್ತಾರೆ. ಉತ್ತರ ನನ್ನಲ್ಲಿರಲಿಲ್ಲ. ಮುಂದಿನ ವಿಡಿಯೊದಲ್ಲಿ ನಮ್ಮೂರ ಮುದುಕರು ರಿವಾಯತ್ ಪದ ಹಾಡುತ್ತಿದ್ದರು, ಖಾಸೀಮನ ಸಾವಿನದು, ಅಚ್ಚ ಕನ್ನಡದಲ್ಲಿ. ಅದನ್ನು ಕೊನೆಯವರೆಗೂ ಕೇಳಿದ.

ಆಕ್ಷೇಪ ಹೊರಗಿನಿಂದಷ್ಟೇ ಬರುತ್ತಿಲ್ಲ. ನಮ್ಮ ಕಾಕಾನ ಮಗ ತಬ್ಲೀಗ್ ಜಮಾತಿನೊಂದಿಗೆ ಓಡಾಡಿ ಬಂದಮೇಲೆ ಪಂಜಾ ಕೂರಿಸುವುದು ಶಿರ್ಕ್, ದೇವರಿಗೆ ಸಮನಾಗಿ ಇನ್ನೊಂದನ್ನು ಇಟ್ಟಂತೆ, ಎನ್ನುತ್ತಾನೆ. ಅವನನ್ನು ಮೂಢ ಎಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಮನೆಯಲ್ಲಿ ಕುರಾನಿನ ಅರ್ಥ ಓದಿಕೊಂಡ ಮೊದಲಿಗ ಅವನು. ನಾವು ಪತ್ರಿಕೆಯವರು ಪ್ರತಿವರ್ಷ 'ಮುಸ್ಲಿಮರೇ ಇಲ್ಲದ ಊರಲ್ಲಿ ಮೊಹರಂ' ಎಂದು ಸೌಹಾರ್ದದ ಸುದ್ದಿ ಬರೆಯುತ್ತೇವೆ. ಮುಸ್ಲಿಮರಿರುವ ಊರಿನ ಈ ಜಗಳ ಬರೆಯುವುದಿಲ್ಲ.

ಪಂಜಾ ನೋಡಿಕೊಳ್ಳುವ ಅಪ್ಪನಿಗೆ ಅವನು ಹೇಳಿದ್ದು ಇಷ್ಟೇ: 'ಕಾಕಾ, ನಾಳೆ ಲೆಕ್ಕ ಕೊಡೋದು ನೀವೇ.'

ಅಪ್ಪ ಅಂದರು: 'ಇದು ಊರ ದೇವ್ರಪ್ಪ. ನಂದೊಬ್ಬಂದಾಗಿದ್ರ ಬಿಡ್ತಿದ್ದೆ.'

ಈ ಸಲವೂ ಪಂಜಾ ಕೂತವು. ಕುಣಿಗೆ ಕಟ್ಟಿಗೆ ಹಾಕಲು ನಮ್ಮ ಓಣಿಯಿಂದ ಬಂದವರು ಇಬ್ಬರೇ. ಉಳಿದ ಕಟ್ಟಿಗೆ ನಾಯಕರ ಓಣಿಯಿಂದ ಬಂತು.