ಒಂದು ನಿಮಿಷದ ಉಸಿರು

ನರ್ಸಿಂಗ್ ಕಾಲೇಜಿನ ಪ್ರಯೋಗಶಾಲೆಯಲ್ಲಿ ಮಲಗಿರುವ ರೋಗಿ ಎಂದೂ ಗೊಣಗುವುದಿಲ್ಲ. ಆತ ಗೊಂಬೆ. ಎಷ್ಟು ಸಲ ಮಗ್ಗುಲು ಬದಲಿಸಿದರೂ ನೋವೆನ್ನುವುದಿಲ್ಲ, ಸೂಜಿ ಚುಚ್ಚಿದರೆ ಮುಖ ಕಿವುಚುವುದಿಲ್ಲ. ಹಾಸನ ಜಿಲ್ಲೆಯ ಹಳ್ಳಿಯೊಂದರಿಂದ ಬಂದು ಬಿ.ಎಸ್ಸಿ. ನರ್ಸಿಂಗ್ ಸೇರಿದ ಹುಡುಗಿಯೊಬ್ಬಳಿಗೆ ಮೊದಲ ಸಲ ಗಂಡಸರ ವಾರ್ಡಿಗೆ ಕಾಲಿಟ್ಟಾಗ ಗೊಂಬೆಯ ಮೇಲೆ ಕಲಿತದ್ದೆಲ್ಲ ಮರೆತೇಹೋಯಿತು. ಫಿನಾಯಿಲ್ ವಾಸನೆ, ಮಂಚಗಳ ನಡುವೆ ಚಾಪೆ ಹಾಸಿ ಕುಳಿತ ಮನೆಯವರು, ನಾಲ್ಕೂ ಕಡೆಯಿಂದ 'ಸಿಸ್ಟರ್, ಗ್ಲೂಕೋಸ್ ಮುಗೀತು' ಎಂಬ ಕೂಗು!

ಮೊದಲ ವಾರವೆಲ್ಲ ಹಾಸಿಗೆ ಹಾಸುವುದೇ ಕೆಲಸ. ಇದಕ್ಕೂ ಕಾಲೇಜು ಬೇಕೇ ಎಂದು ಆಕೆ ಗೊಣಗಿದ್ದುಂಟು. ದುಪ್ಪಟಿಯ ಒಂದು ಸುಕ್ಕು, ಅಲುಗಾಡಲಾಗದವನ ಬೆನ್ನಲ್ಲಿ ಹುಣ್ಣಿಗೆ ದಾರಿಯಾಗುತ್ತದೆ, ಅಂಥವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ ಮಲಗಿಸಬೇಕು ಎಂಬುದು ಅಂಥದೊಂದು ಹುಣ್ಣನ್ನು ಕಣ್ಣಾರೆ ಕಂಡ ಮೇಲೆಯೇ ಅರ್ಥವಾದದ್ದು. ಬೆಡ್‌ಪ್ಯಾನ್ ಎತ್ತಿದ ದಿನ ಮಧ್ಯಾಹ್ನದ ಊಟ ಸೇರಲಿಲ್ಲ. ಊರಿನಲ್ಲಿ ನೆಂಟರು ಆಗಲೇ ಆಡಿಕೊಂಡಿದ್ದರು: 'ಕಂಡವರ ಮೈ ತೊಳೆಯೋಕೆ ಮಗಳನ್ನ ಓದಿಸ್ತಾನಂತೆ!' ಶುಲ್ಕಕ್ಕಾಗಿ ತಾಯಿಯ ಸರ ಗಿರವಿ ಅಂಗಡಿ ಸೇರಿದ್ದನ್ನು ಬಲ್ಲ ಆಕೆ ಫೋನಿನಲ್ಲಿ ಬಿಳಿ ಸಮವಸ್ತ್ರದ ಸುದ್ದಿಯನ್ನಷ್ಟೇ ಹೇಳುತ್ತಿದ್ದಳು.

ದಿನವೂ ಪ್ರತಿ ರೋಗಿಯ ಜ್ವರ, ನಾಡಿ, ಉಸಿರಾಟಗಳನ್ನು ಪಟ್ಟಿಯಲ್ಲಿ ಬರೆಯಬೇಕು. ವಯಸ್ಕರ ಉಸಿರು ನಿಮಿಷಕ್ಕೆ 12ರಿಂದ 20. ಆದರೆ ಅವಸರದ ವಾರ್ಡಿನಲ್ಲಿ ನಿಂತು ಎಣಿಸುವವರು ಯಾರು? ಪಟ್ಟಿಯಲ್ಲಿ ಸಾಲಾಗಿ 18, 18, 18 ಎಂದೇ ಇತ್ತು. ಎಣಿಸುತ್ತಿರುವುದು ಗೊತ್ತಾದರೆ ರೋಗಿಯ ಉಸಿರಿನ ಲಯವೇ ಬದಲಾಗುತ್ತದೆ. ಆದ್ದರಿಂದ ನಾಡಿ ನೋಡುವವರಂತೆ ಕೈ ಹಿಡಿದೇ ಎದೆಯ ಏರಿಳಿತ ಗಮನಿಸಬೇಕೆಂದು ಪಾಠದಲ್ಲಿ ಕಲಿಸಿದ್ದರು. ಕಿಟಕಿಯ ಪಕ್ಕದ ಅಜ್ಜನ ಕೈ ಹಿಡಿದು ಆಕೆ ಪೂರ್ತಿ ಒಂದು ನಿಮಿಷ ನಿಂತಳು. ಮೂವತ್ತನಾಲ್ಕು! ಮತ್ತೊಮ್ಮೆ ಎಣಿಸಿದರೂ ಅಷ್ಟೇ. ಅಂಜುತ್ತಲೇ ಹಿರಿಯ ಸಿಸ್ಟರ್‌ಗೆ ತಿಳಿಸಿದಳು. ವೈದ್ಯರು ಬಂದರು, ಆಮ್ಲಜನಕ ಹಚ್ಚಿದರು. ನ್ಯುಮೋನಿಯಾ ಎರಡೂ ಶ್ವಾಸಕೋಶಗಳಿಗೆ ಹಬ್ಬಿತ್ತು.

ಅಜ್ಜ ಉಳಿಯಲಿಲ್ಲ. ಐದನೆಯ ದಿನ ಬೆಳಗಿನ ಜಾವ, ಆಕೆ ಡ್ಯೂಟಿಯಲ್ಲಿದ್ದಾಗಲೇ ಉಸಿರು ನಿಂತಿತು. ಮೈ ಒರೆಸುವಾಗ ಹಿರಿಯ ಸಿಸ್ಟರ್ ಮೆಲ್ಲಗೆ ಎಂದರು: 'ನಿಧಾನಕ್ಕೆ ತಿರುಗಿಸಮ್ಮ, ಇನ್ನೂ ನೋವಾಗುತ್ತೆ ಅನ್ನೋ ಹಾಗೆ.' ಹುಡುಗಿ ಅತ್ತುಬಿಟ್ಟಳು. ಎಣಿಸಿ ಏನು ಬಂತು ಸಿಸ್ಟರ್ ಎಂದು ಕೇಳಿದಳು. 'ಮುಂಬೈ ಹೋಟೆಲಿನಲ್ಲಿದ್ದ ಮಗ ಬರೋವರೆಗೂ ಇದ್ದರಲ್ಲ. ಎರಡು ದಿನ ಅವನ ಹತ್ತಿರ ಮಾತಾಡಿದರು. ಅದು ಬಂತು' ಎಂದರು ಅವರು.

ಫೋನಿನಲ್ಲಿ ಮಗಳ ದನಿ ಕೇಳಿದ ತಂದೆ ಮರುದಿನವೇ ಬಸ್ಸು ಹತ್ತಿ ಬಂದರು. 'ಬ್ಯಾಡಾಂದ್ರೆ ಬಂದ್ಬುಡವ್ವ' ಎಂದರು. ಡ್ಯೂಟಿ ಮುಗಿಯುವವರೆಗೆ ಕಾಯಿರಿ ಎಂದು ಹೇಳಿ ಮಗಳು ಒಳಗೆ ಹೋದಳು. ಪಡಸಾಲೆಯ ಬೆಂಚಿನಲ್ಲಿ ಕುಳಿತ ತಂದೆ, ಕೈ ನಡುಗುವ ಮುದುಕರೊಬ್ಬರಿಗೆ ಆಕೆ ಚಮಚದಿಂದ ಗಂಜಿ ಕುಡಿಸುವುದನ್ನೂ, ಅವರು ಕೈಯೆತ್ತಿ ಹರಸುವುದನ್ನೂ ಕಂಡರು. ಸಂಜೆಯ ಬಸ್ಸಿಗೆ ಒಬ್ಬರೇ ಹೊರಟರು. ಹೇಳಿದ್ದು ಒಂದೇ ಮಾತು: 'ಹೊತ್ತೊತ್ತಿಗೆ ಊಟ ಮಾಡವ್ವ.'

ಫ್ಲಾರೆನ್ಸ್ ನೈಟಿಂಗೇಲ್ 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಶುಶ್ರೂಷಾ ಶಾಲೆ ತೆರೆದರು. ಅದಕ್ಕೆ ಮೊದಲೇ ಪ್ರಕಟವಾದ ತಮ್ಮ ಪುಸ್ತಕದಲ್ಲಿ ಅವರು ರೋಗಿಯನ್ನು ಗಮನಿಸುವ ಕಲೆಗೆ ಒಂದು ಅಧ್ಯಾಯವನ್ನೇ ಮೀಸಲಿಟ್ಟಿದ್ದರು. ಆ ಕಲೆ ಬರುವುದು ರೋಗಿಯ ಮಂಚದ ಬಳಿಯಲ್ಲಿ. ಆದ್ದರಿಂದ ಮಕ್ಕಳನ್ನು ನರ್ಸಿಂಗ್‌ಗೆ ಸೇರಿಸುವ ತಂದೆತಾಯಿಗಳು ಕಾಲೇಜಿನ ಕಟ್ಟಡಕ್ಕಿಂತ ಮೊದಲು ವಿಚಾರಿಸಬೇಕಾದದ್ದು ಇಷ್ಟು: ಕಾಲೇಜಿಗೆ ಮಾನ್ಯತೆ ಇದೆಯೇ? ತರಬೇತಿ ಯಾವ ಆಸ್ಪತ್ರೆಯಲ್ಲಿ, ಅಲ್ಲಿ ರೋಗಿಗಳು ಬರುತ್ತಾರೆಯೇ? ವಾರ್ಡಿನಲ್ಲಿ ಹೇಳಿಕೊಡುವವರು ಜೊತೆಗಿರುತ್ತಾರೆಯೇ? ವಾರ್ಡಿಗೆ ಕಳಿಸುವ ಮೊದಲು ಹೆಪಟೈಟಿಸ್-ಬಿ ಲಸಿಕೆ ಹಾಕಿಸುತ್ತಾರೆಯೇ? ಇನ್ನು ಮಕ್ಕಳು ರಾತ್ರಿ ಅಳುತ್ತ ಫೋನ್ ಮಾಡಿದರೆ 'ಬಂದುಬಿಡು' ಎನ್ನುವ ಮೊದಲು ಒಂದು ನಿಮಿಷ ಕೇಳಿಸಿಕೊಳ್ಳಿ. ಉಸಿರು ಎಣಿಸಲು ಬೇಕಾಗುವುದೂ ಅಷ್ಟೇ ಹೊತ್ತು.